ಒಂದು ಮನೆತನ, ಎರಡು ವೈನರಿಗಳು: ಮೊಂಡಾವಿ ಕುಟುಂಬದ ಉದ್ಯಮ ಕಲಿಸುವ ಪಾಠ

ಕುಟುಂಬದ ಒಡೆತನದಲ್ಲಿ ನಡೆಯುವ ಉದ್ಯಮಗಳಿಗೆ ಎರಡು ಪ್ರಶ್ನೆಗಳು ಎಂದಾದರೊಂದು ದಿನ ಎದುರಾಗಿಯೇ ತೀರುತ್ತವೆ. ಬೆಳವಣಿಗೆಗೆ ಬೇಕಾದ ಬಂಡವಾಳವನ್ನು ಎಲ್ಲಿಂದ ತರಬೇಕು ಎಂಬುದು ಮೊದಲನೆಯದು. ಹಿರಿಯರ ಕಾಲಾನಂತರ ಅಂತಿಮ ನಿರ್ಧಾರ ಯಾರದು ಎಂಬುದು ಎರಡನೆಯದು. ಈ ಎರಡೂ ಪ್ರಶ್ನೆಗಳು ಒಂದಕ್ಕೊಂದು ಹೆಣೆದುಕೊಂಡಿವೆ ಎಂಬುದನ್ನು ನಮ್ಮಲ್ಲಿ ಅನೇಕರು ತಡವಾಗಿ ಅರಿಯುತ್ತಾರೆ. ಹೊರಗಿನಿಂದ ಬಂದ ಹಣ ತನ್ನೊಂದಿಗೆ ಅಧಿಕಾರದ ಬೇಡಿಕೆಯನ್ನೂ ತರುತ್ತದೆ. ಒಳಗಿನ ಅಧಿಕಾರದ ಜಗಳವು ಹೊರಗಿನ ಹಣಕ್ಕೆ ಕೈಚಾಚುವಂತೆ ಮಾಡುತ್ತದೆ.

ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ನಾಪಾ ಕಣಿವೆಯಲ್ಲಿ ವೈನ್ ತಯಾರಿಸಿದ ಮೊಂಡಾವಿ ಮನೆತನದ ಇತಿಹಾಸವು ಈ ಮಾತಿಗೆ ಸ್ಪಷ್ಟವಾದ ನಿದರ್ಶನ. ಒಂದೇ ತಂದೆಯ ಇಬ್ಬರು ಮಕ್ಕಳು ಎರಡು ಬೇರೆ ದಾರಿ ಹಿಡಿದರು. ಒಬ್ಬರ ಹೆಸರು ವಿಶ್ವವಿಖ್ಯಾತವಾಯಿತು, ಆದರೆ ಸಂಸ್ಥೆ ಕೈಬಿಟ್ಟುಹೋಯಿತು. ಇನ್ನೊಬ್ಬರು ಅಷ್ಟು ಖ್ಯಾತರಾಗಲಿಲ್ಲ, ಆದರೆ ಅವರ ಸಂಸ್ಥೆ ಮನೆತನದಲ್ಲಿಯೇ ಉಳಿಯಿತು. ಸರಕು ಯಾವುದೇ ಇರಲಿ, ಈ ಇತಿಹಾಸವು ನಮ್ಮ ವರ್ತಕರಿಗೂ ಸಣ್ಣ ಉದ್ದಿಮೆದಾರರಿಗೂ ವಿಚಾರಕ್ಕೆ ಯೋಗ್ಯವಾಗಿದೆ.

ಪಾನನಿರೋಧದ ಕಾಲದಲ್ಲಿ ಆರಂಭ

ಇಟಲಿಯ ಮಾರ್ಕೆ ಪ್ರಾಂತದಿಂದ ಸೀಸರೆ ಮೊಂಡಾವಿ ಎಂಬುವರು 20ನೆಯ ಶತಮಾನದ ಆರಂಭದಲ್ಲಿ ಅಮೆರಿಕಕ್ಕೆ ವಲಸೆ ಬಂದು, ಮಿನ್ನೆಸೋಟ ರಾಜ್ಯದ ಕಬ್ಬಿಣದ ಗಣಿ ಪ್ರದೇಶದಲ್ಲಿ ನೆಲೆಸಿದರು. ಅವರೂ ಪತ್ನಿ ರೋಸಾ ಅವರೂ ಅಲ್ಲಿ ಗಣಿ ಕಾರ್ಮಿಕರಿಗಾಗಿ ಊಟ ವಸತಿಯ ಮನೆಯನ್ನು ನಡೆಸಿದರು. ಹಿರಿಯ ಮಗ ರಾಬರ್ಟ್ 1913ರಲ್ಲಿ, ಕಿರಿಯ ಮಗ ಪೀಟರ್ 1914ರಲ್ಲಿ ಜನಿಸಿದರು.

1920ರಲ್ಲಿ ಅಮೆರಿಕದಾದ್ಯಂತ ಪಾನನಿರೋಧ ಜಾರಿಗೆ ಬಂದಿತು. ವೈನ್ ತಯಾರಕರಲ್ಲಿ ಬಹುಮಂದಿ ಬಾಗಿಲು ಮುಚ್ಚಿದರು. ಆದರೆ ಪ್ರತಿಯೊಂದು ಕುಟುಂಬವೂ ಮನೆಯ ಬಳಕೆಗಾಗಿ ವರ್ಷಕ್ಕೆ 200 ಗ್ಯಾಲನ್, ಎಂದರೆ ಸುಮಾರು 750 ಲೀಟರಿನಷ್ಟು, ಹಣ್ಣಿನ ರಸವನ್ನು ಸಿದ್ಧಪಡಿಸಿಕೊಳ್ಳಲು ಕಾನೂನಿನಲ್ಲಿ ಅವಕಾಶವಿತ್ತು. ಊಟದೊಂದಿಗೆ ವೈನ್ ಸೇವಿಸುವ ಪದ್ಧತಿಯಿದ್ದ ಇಟಲಿ ಮೂಲದ ಕುಟುಂಬಗಳಿಗೆ ಹೀಗಾಗಿ ದ್ರಾಕ್ಷಿ ಬೇಕಾಯಿತು. ತಮ್ಮ ಸಮುದಾಯದವರ ಪರವಾಗಿ ದ್ರಾಕ್ಷಿ ಖರೀದಿಸಲು ಕ್ಯಾಲಿಫೋರ್ನಿಯಾಕ್ಕೆ ಹೋದ ಸೀಸರೆ, ಅಲ್ಲಿನ ಲೋಡೈ ಪಟ್ಟಣಕ್ಕೆ 1920ರ ದಶಕದ ಆರಂಭದಲ್ಲಿ ಕುಟುಂಬವನ್ನೇ ಸ್ಥಳಾಂತರಿಸಿ, ದ್ರಾಕ್ಷಿಯನ್ನು ಪೆಟ್ಟಿಗೆಗಳಲ್ಲಿ ತುಂಬಿ ರೈಲಿನ ಮೂಲಕ ಪೂರ್ವದ ರಾಜ್ಯಗಳಿಗೆ ರವಾನಿಸುವ ವ್ಯಾಪಾರ ಆರಂಭಿಸಿದರು. ಇತರರು ನಿಷೇಧವನ್ನಷ್ಟೇ ಕಂಡ ಕಾನೂನಿನಲ್ಲಿ ಸೀಸರೆ ಉಳಿದಿದ್ದ ಅವಕಾಶವನ್ನು ಗುರುತಿಸಿದರು. ರಾಬರ್ಟ್ ಮತ್ತು ಪೀಟರ್ ರಜಾ ದಿನಗಳಲ್ಲಿ ದ್ರಾಕ್ಷಿ ಪೆಟ್ಟಿಗೆಗಳಿಗೆ ಮೊಳೆ ಹೊಡೆಯುತ್ತ ವ್ಯಾಪಾರದ ಮೊದಲ ಅನುಭವ ಪಡೆದರು.

ಚಾರ್ಲ್ಸ್ ಕ್ರುಗ್ ವೈನರಿಯ ಖರೀದಿ

1933ರಲ್ಲಿ ಪಾನನಿರೋಧ ಕೊನೆಗೊಂಡಿತು. ಇಬ್ಬರು ಮಕ್ಕಳೂ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಪದವಿ ಪಡೆದರು. ಪೀಟರ್ ಮುಂದೆ ಬರ್ಕ್ಲಿಯಲ್ಲಿ ವೈನ್ ತಯಾರಿಕೆಯ ಶಾಸ್ತ್ರವನ್ನು ಅಭ್ಯಸಿಸಿ, ರಸವನ್ನು ಕಡಿಮೆ ಉಷ್ಣತೆಯಲ್ಲಿ ಹುದುಗಿಸುವ ವಿಧಾನವನ್ನು ಅಧ್ಯಯನ ಮಾಡಿದರು. ಹಣ್ಣಿನ ಸುವಾಸನೆ ಆವಿಯಾಗಿ ಹೋಗದಂತೆ ತಡೆಯುವ ಈ ವಿಧಾನವು ಮುಂದೆ ಬಿಳಿ ವೈನ್ ತಯಾರಿಕೆಯಲ್ಲಿ ಸಾಮಾನ್ಯವಾಯಿತು. ಕುಟುಂಬವು ನಾಪಾ ಕಣಿವೆಯ ಸೇಂಟ್ ಹೆಲೆನಾ ಪಟ್ಟಣದ ಒಂದು ಸಣ್ಣ ವೈನರಿಯಲ್ಲಿ ಹಣ ತೊಡಗಿಸಿ ಈ ಕ್ಷೇತ್ರಕ್ಕೆ ಕಾಲಿರಿಸಿತು.

ಅದೇ ಊರಿನಲ್ಲಿ 1861ರಲ್ಲಿ ಸ್ಥಾಪನೆಗೊಂಡಿದ್ದ ಚಾರ್ಲ್ಸ್ ಕ್ರುಗ್ ಎಂಬ ಹಳೆಯ ವೈನರಿ 1943ರಲ್ಲಿ ಮಾರಾಟಕ್ಕೆ ಬಂದಿತು. ಕಟ್ಟಡಗಳು ಶಿಥಿಲವಾಗಿದ್ದರೂ ಹೆಸರಿಗೆ ಬೆಲೆಯಿತ್ತು, ತೋಟಕ್ಕೆ ಒಳ್ಳೆಯ ಮಣ್ಣಿತ್ತು. ಮಕ್ಕಳು ಒಟ್ಟಾಗಿ ದುಡಿಯುವುದಾದರೆ ಮಾತ್ರ ಖರೀದಿಸುವುದಾಗಿ ತಂದೆ ಷರತ್ತು ಹಾಕಿದರು. 75,000 ಡಾಲರಿಗೆ ವ್ಯವಹಾರ ಮುಗಿಯಿತು. ಮಾರಾಟ ಮತ್ತು ಪ್ರಚಾರವನ್ನು ರಾಬರ್ಟ್, ತಯಾರಿಕೆಯನ್ನು ಪೀಟರ್ ವಹಿಸಿಕೊಂಡರು. ಮೇಲ್ನೋಟಕ್ಕೆ ಇದು ಆದರ್ಶವಾದ ಕಾರ್ಯವಿಭಜನೆ. ಆದರೆ ಇಬ್ಬರ ನಡುವೆ ಭಿನ್ನಾಭಿಪ್ರಾಯ ಬಂದರೆ ಯಾರ ಮಾತು ನಡೆಯಬೇಕು ಎಂಬುದಕ್ಕೆ ತಂದೆಯವರ ಇರುವಿಕೆಯ ಹೊರತು ಬೇರೆ ವ್ಯವಸ್ಥೆಯಿರಲಿಲ್ಲ.

ತಂದೆಯ ನಿಧನಾನಂತರದ ಬಿರುಕು

1959ರಲ್ಲಿ ಸೀಸರೆ ತೀರಿಕೊಂಡರು. ತಾಯಿ ರೋಸಾ ಅವರು ಸಂಸ್ಥೆಯ ಅಧ್ಯಕ್ಷರಾದರು. ಅಣ್ಣತಮ್ಮಂದಿರ ದೃಷ್ಟಿಯ ವ್ಯತ್ಯಾಸ ಇಲ್ಲಿಂದ ಮುಂದೆ ಬಹಿರಂಗವಾಯಿತು. 1962ರಲ್ಲಿ ಯುರೋಪ್ ಪ್ರವಾಸ ಮಾಡಿದ ರಾಬರ್ಟ್, ಫ್ರಾನ್ಸಿನ ಪ್ರಸಿದ್ಧ ವೈನರಿಗಳು ಸಣ್ಣ ಓಕ್ ಪೀಪಾಯಿಗಳಲ್ಲಿ ವೈನನ್ನು ಪಕ್ವಗೊಳಿಸುವ ಶ್ರದ್ಧೆಯನ್ನು ಕಂಡು, ನಾಪಾದಲ್ಲಿಯೂ ಅಂತಹ ಉತ್ಪನ್ನವನ್ನು ತಯಾರಿಸಿ ಹೆಚ್ಚಿನ ಬೆಲೆಗೆ ಮಾರಬೇಕೆಂದು ಹಟ ಹಿಡಿದರು. ಅದಕ್ಕೆ ಪ್ರಚಾರ ಬೇಕು, ಪ್ರವಾಸ ಬೇಕು, ಖರ್ಚು ಬೇಕು. ಪೀಟರ್ ಸ್ವಭಾವತಃ ಎಚ್ಚರಿಕೆಯವರು. ಗಳಿಸಿದಷ್ಟರಲ್ಲಿ ಹಂತಹಂತವಾಗಿ ಬೆಳೆಯಬೇಕೆಂಬುದು ಅವರ ನಿಲುವು.

ಇಂತಹ ವಾತಾವರಣದಲ್ಲಿ ಸಣ್ಣ ಕಾರಣವೂ ದೊಡ್ಡದಾಗುತ್ತದೆ. ರಾಬರ್ಟ್ ದಂಪತಿಗಳಿಗೆ ಶ್ವೇತಭವನದ ಔತಣಕ್ಕೆ ಆಹ್ವಾನ ಬಂದಾಗ ಅವರು ಪತ್ನಿಗಾಗಿ ದುಬಾರಿಯಾದ ಮಿಂಕ್ ತುಪ್ಪಳದ ಕೋಟನ್ನು ಖರೀದಿಸಿದ್ದರು. 1965ರ ಒಂದು ಕುಟುಂಬ ಸಮಾರಂಭದಲ್ಲಿ, ಆ ಹಣ ಸಂಸ್ಥೆಯದಲ್ಲವೇ ಎಂಬರ್ಥದ ಮಾತನ್ನು ಪೀಟರ್ ಆಡಿದರು. ಮಾತು ಕೈಮೀರಿತು. ಅಣ್ಣ ತಮ್ಮನ ಮೇಲೆ ಕೈಮಾಡಿದರು. ಕುಟುಂಬವು ರಾಬರ್ಟ್ ಅವರನ್ನು ಕೆಲಸದಿಂದ ದೂರವಿರಿಸಿತು.

ಕೋಟು ಇಲ್ಲಿ ನೆಪಮಾತ್ರ. ಸಂಸ್ಥೆಯ ಖರ್ಚು ಯಾವುದು, ಮನೆಯ ಖರ್ಚು ಯಾವುದು, ಯಾವ ಮೊತ್ತದವರೆಗೆ ಯಾರು ಒಬ್ಬರೇ ನಿರ್ಧರಿಸಬಹುದು, ಮೂರನೆಯ ತಲೆಮಾರಿನವರಿಗೆ ಸಂಸ್ಥೆಯಲ್ಲಿ ಸ್ಥಾನವೇನು ಎಂಬ ವಿಷಯಗಳು ಇತ್ಯರ್ಥವಾಗದೆ ಉಳಿದಿದ್ದವು. ರಾಬರ್ಟ್ ಅವರ ಹಿರಿಯ ಮಗ ಮೈಕೇಲ್‌ಗೆ ಕ್ರುಗ್ ಸಂಸ್ಥೆಯಲ್ಲಿ ಕೆಲಸ ಕೊಡಲು ಕುಟುಂಬದ ಉಳಿದವರು ಒಪ್ಪದಿದ್ದುದೂ ಬಿರುಕನ್ನು ಹಿಗ್ಗಿಸಿತು.

52ನೆಯ ವಯಸ್ಸಿನಲ್ಲಿ ಹೊಸ ಉದ್ಯಮ

1966ರಲ್ಲಿ, ತಮ್ಮ 52ನೆಯ ವಯಸ್ಸಿನಲ್ಲಿ, ರಾಬರ್ಟ್ ಅವರು ಓಕ್‌ವಿಲ್ ಎಂಬಲ್ಲಿ ತಮ್ಮದೇ ಹೆಸರಿನ ವೈನರಿಯನ್ನು ಸ್ಥಾಪಿಸಿದರು. ಪಾನನಿರೋಧದ ನಂತರ ನಾಪಾ ಕಣಿವೆಯಲ್ಲಿ ಹೊಸದಾಗಿ ಕಟ್ಟಲಾದ ಮೊದಲ ಪ್ರಮುಖ ವೈನರಿ ಇದೆಂದು ಪರಿಗಣಿಸಲಾಗಿದೆ. ಸ್ವಂತ ಬಂಡವಾಳ ಕಡಿಮೆಯಿದ್ದುದರಿಂದ ಪರಿಚಿತ ದ್ರಾಕ್ಷಿ ಬೆಳೆಗಾರರನ್ನು ಪಾಲುದಾರರನ್ನಾಗಿ ಮಾಡಿಕೊಂಡರು. ಕೆಲವೇ ವರ್ಷಗಳಲ್ಲಿ ರೇನಿಯರ್ ಎಂಬ ಬಿಯರ್ ತಯಾರಿಕಾ ಸಂಸ್ಥೆಯ ಬಂಡವಾಳ ಪ್ರವೇಶಿಸಿ, ಒಡೆತನದ ದೊಡ್ಡ ಪಾಲು ಆ ಸಂಸ್ಥೆಗೆ ಸೇರಿತು. ಫಲಕದ ಮೇಲಿನ ಹೆಸರು ಮಾತ್ರ ರಾಬರ್ಟ್ ಅವರದಾಗಿತ್ತು.

ಅವರ ವ್ಯಾಪಾರದ ಕ್ರಮಗಳು ಇಂದಿಗೂ ಅಧ್ಯಯನಕ್ಕೆ ಅರ್ಹವಾಗಿವೆ. ಸೋವಿನ್ಯೋಂ ಬ್ಲಾಂಕ್ ಎಂಬ ತಳಿಯ ದ್ರಾಕ್ಷಿಯಿಂದ ಮಾಡಿದ ವೈನಿಗೆ ಆ ಕಾಲದ ಕ್ಯಾಲಿಫೋರ್ನಿಯಾದಲ್ಲಿ ಬೇಡಿಕೆ ಕಡಿಮೆಯಿತ್ತು. ರಾಬರ್ಟ್ ಅವರು ಅದನ್ನು ಸಿಹಿಯಿಲ್ಲದಂತೆ ತಯಾರಿಸಿ, ಓಕ್ ಪೀಪಾಯಿಯಲ್ಲಿರಿಸಿ, ‘ಫ್ಯೂಮೆ ಬ್ಲಾಂಕ್’ ಎಂಬ ಹೊಸ ಹೆಸರಿನಲ್ಲಿ 1968ರಲ್ಲಿ ಮಾರುಕಟ್ಟೆಗೆ ತಂದರು. ಅದು ಯಶಸ್ವಿಯಾಯಿತು. ಆ ಹೆಸರನ್ನು ಅವರು ತಮ್ಮ ವ್ಯಾಪಾರ ಚಿಹ್ನೆಯಾಗಿ ನೋಂದಾಯಿಸಿಕೊಳ್ಳದೆ ಇತರ ತಯಾರಕರೂ ಬಳಸಲು ಬಿಟ್ಟರು. ಒಂದು ವೈನರಿಯ ಹೆಸರು ಬೆಳೆಯಬೇಕಾದರೆ ಇಡೀ ಕಣಿವೆಯ ಹೆಸರು ಬೆಳೆಯಬೇಕೆಂಬುದು ಅವರ ನಂಬಿಕೆಯಾಗಿತ್ತು. ಸಂದರ್ಶಕರಿಗೆ ವೈನರಿಯನ್ನು ತೆರೆದು ತೋರಿಸುವುದು, ರುಚಿ ನೋಡಲು ಕೊಡುವುದು, ಬೇಸಿಗೆಯಲ್ಲಿ ಸಂಗೀತ ಕಛೇರಿಗಳನ್ನು ಏರ್ಪಡಿಸುವುದು ಮುಂತಾದ ಕ್ರಮಗಳಿಂದ ಗ್ರಾಹಕರನ್ನು ತಯಾರಿಕೆಯ ಸ್ಥಳಕ್ಕೇ ಕರೆತಂದರು.

ನ್ಯಾಯಾಲಯದ ತೀರ್ಪು

ಹಳೆಯ ಸಂಸ್ಥೆಯಲ್ಲಿ ರಾಬರ್ಟ್ ಅವರ ಪಾಲು ಹಾಗೆಯೇ ಉಳಿದಿತ್ತು. ಅದರ ನ್ಯಾಯವಾದ ಮೌಲ್ಯಕ್ಕಾಗಿ 1970ರ ದಶಕದಲ್ಲಿ ಅವರು ಹೂಡಿದ ದಾವೆಯಲ್ಲಿ ತಾಯಿ ಮತ್ತು ತಮ್ಮ ಎದುರಾಳಿಗಳಾದರು. 1976ರಲ್ಲಿ ರೋಸಾ ತೀರಿಕೊಂಡರು. ಅದೇ ವರ್ಷ ತೀರ್ಪು ರಾಬರ್ಟ್ ಪರವಾಗಿ ಬಂದಿತು. ಕ್ರುಗ್ ಸಂಸ್ಥೆಯನ್ನೇ ಮಾರಿ ಪಾಲು ಹಂಚಬೇಕೆಂದು ನ್ಯಾಯಾಧೀಶರು ಆದೇಶಿಸಿದರು. ಕೊನೆಗೆ 1978ರಲ್ಲಿ ಉಭಯ ಪಕ್ಷಗಳು ರಾಜಿಯಾದುದರಿಂದ ಕ್ರುಗ್ ಪೀಟರ್ ಅವರ ಕೈಯಲ್ಲಿಯೇ ಉಳಿಯಿತು. ಆದರೆ ಅಣ್ಣನ ಪಾಲನ್ನು ತೀರಿಸುವ ಭಾರ ಆ ಸಂಸ್ಥೆಯ ಮೇಲೆ ಬಿದ್ದಿತು. ರಾಬರ್ಟ್ ಅವರು ದೊರೆತ ಹಣದ ನೆರವಿನಿಂದ ಅದೇ ವರ್ಷ ರೇನಿಯರ್ ಸಂಸ್ಥೆಯ ಪಾಲನ್ನು ಮರಳಿ ಖರೀದಿಸಿದರು. ಸ್ಥಾಪನೆಯಾಗಿ 12 ವರ್ಷಗಳ ನಂತರ ಅವರ ವೈನರಿ ಅವರ ಕುಟುಂಬದ್ದಾಯಿತು.

ಬಂಡವಾಳ ಏಕೆ ಸಾಲದು

ಮುಂದಿನ ಬೆಳವಣಿಗೆಯನ್ನು ಅರಿಯಲು ವೈನ್ ಉದ್ಯಮದ ಹಣದ ಚಕ್ರವನ್ನು ತಿಳಿಯಬೇಕು. ದ್ರಾಕ್ಷಿ ಬಳ್ಳಿಯನ್ನು ನೆಟ್ಟರೆ ಉಪಯುಕ್ತ ಫಸಲು ಬರಲು ಮೂರು ವರ್ಷಗಳಾದರೂ ಬೇಕು. ಉತ್ತಮ ದರ್ಜೆಯ ಕೆಂಪು ವೈನನ್ನು ಸುಮಾರು 225 ಲೀಟರ್ ಹಿಡಿಯುವ ಓಕ್ ಪೀಪಾಯಿಗಳಲ್ಲಿ ಒಂದೂವರೆ, ಎರಡು ವರ್ಷ ಇರಿಸಿ, ಬಾಟಲಿಗೆ ತುಂಬಿದ ಮೇಲೆಯೂ ಕೆಲಕಾಲ ಕಾಯಬೇಕು. ಎಂದರೆ ಭೂಮಿಗೆ ಹಾಕಿದ ಹಣ ಮೊದಲ ಬಾರಿಗೆ ಗಲ್ಲಾಪೆಟ್ಟಿಗೆಗೆ ಮರಳಲು ಐದಾರು ವರ್ಷಗಳು ಹಿಡಿಯುತ್ತವೆ. ಮಾರಾಟ ಹೆಚ್ಚಿದಷ್ಟೂ ನೆಲಮಾಳಿಗೆಯಲ್ಲಿ ಕಾಯುತ್ತಿರುವ ದಾಸ್ತಾನು ಹೆಚ್ಚಬೇಕು, ಅದರ ಮೇಲಿನ ಸಾಲವೂ ಹೆಚ್ಚುತ್ತದೆ. ಲಾಭದಲ್ಲಿರುವ ವೈನರಿಯೂ ಕೈಯಲ್ಲಿ ನಗದಿಲ್ಲದೆ ಒದ್ದಾಡುವುದು ಈ ಕಾರಣದಿಂದ.

ಇದಕ್ಕೆ ರಾಬರ್ಟ್ ಎರಡು ಪರಿಹಾರಗಳನ್ನು ಕಂಡುಕೊಂಡರು. 1979ರಲ್ಲಿ ಲೋಡೈ ಸಮೀಪದ ಒಂದು ವೈನರಿಯನ್ನು ಖರೀದಿಸಿ, ‘ವುಡ್‌ಬ್ರಿಡ್ಜ್’ ಹೆಸರಿನಲ್ಲಿ ಕಡಿಮೆ ಬೆಲೆಯ, ಬೇಗ ಮಾರಾಟವಾಗುವ ವೈನುಗಳನ್ನು ತಯಾರಿಸಿದರು. ಇದು ನಗದನ್ನು ತಂದಿತು. ಮೇಲಿನ ದರ್ಜೆಯಲ್ಲಿ ಫ್ರಾನ್ಸಿನ ಬ್ಯಾರನ್ ಫಿಲಿಪ್ ದ ರಾಥ್‌ಶೀಲ್ಡ್ ಅವರೊಂದಿಗೆ ಸಮಪಾಲಿನ ಜಂಟಿ ಉದ್ಯಮವನ್ನು ಕೈಗೊಂಡರು. ‘ಓಪಸ್ ಒನ್’ ಎಂಬ ಆ ವೈನು 1979ರ ಫಸಲಿನಿಂದ ತಯಾರಾಗಿ 1984ರಲ್ಲಿ ಬಿಡುಗಡೆಯಾಯಿತು. ಇದು ಕೀರ್ತಿಯನ್ನು ತಂದಿತು. ಆದರೆ ಒಂದೇ ಹೆಸರು ಅಗ್ಗದ ಬಾಟಲಿಯ ಮೇಲೂ ದುಬಾರಿ ಬಾಟಲಿಯ ಮೇಲೂ ಇದ್ದುದು, ಕಾಲಕ್ರಮದಲ್ಲಿ ಆ ಹೆಸರಿನ ತೂಕವನ್ನು ಕಡಿಮೆ ಮಾಡಿತೆಂಬ ಟೀಕೆಗೂ ಗುರಿಯಾಯಿತು.

ಬೇರಿನ ಕೀಟ ಮತ್ತು ಷೇರು ಪೇಟೆ

1980ರ ದಶಕದ ಕೊನೆಯ ವೇಳೆಗೆ ನಾಪಾ ಕಣಿವೆಗೆ ದೊಡ್ಡ ಆಪತ್ತು ಬಂದಿತು. ದ್ರಾಕ್ಷಿಯ ಬೇರನ್ನು ಹಾಳುಮಾಡುವ ಫಿಲಾಕ್ಸೆರಾ ಎಂಬ ಸೂಕ್ಷ್ಮ ಕೀಟವನ್ನು ತಡೆಯಲೆಂದೇ ಬಳ್ಳಿಗಳನ್ನು ಬೇರೆ ಜಾತಿಯ ಬೇರುಗಿಡದ ಮೇಲೆ ಕಸಿ ಕಟ್ಟುವುದು ವಾಡಿಕೆ. ಆದರೆ ಕಣಿವೆಯ ಬಹುಭಾಗದಲ್ಲಿ ಬಳಸಿದ್ದ ಎಎಕ್ಸ್ಆರ್-1 ಎಂಬ ಬೇರುಗಿಡ ಈ ಕೀಟಕ್ಕೆ ಬಲಿಯಾಯಿತು. ಸಾವಿರಾರು ಎಕರೆ ತೋಟಗಳನ್ನು ಕಿತ್ತು ಮತ್ತೆ ನೆಡಬೇಕಾಯಿತು. ನೆಟ್ಟ ಮೇಲೆ ಮತ್ತೆ ಮೂರು ನಾಲ್ಕು ವರ್ಷ ಆದಾಯವಿಲ್ಲ.

ಸಾಲದ ಹೊರೆಯೂ ಮರುನಾಟಿಯ ಖರ್ಚೂ ಒಟ್ಟಿಗೆ ಬಂದಾಗ ರಾಬರ್ಟ್ ಮೊಂಡಾವಿ ಸಂಸ್ಥೆ 1993ರಲ್ಲಿ ಸಾರ್ವಜನಿಕರಿಗೆ ಷೇರುಗಳನ್ನು ನೀಡಿತು. ಷೇರೊಂದಕ್ಕೆ 13.50 ಡಾಲರ್ ಬೆಲೆ ನಿಗದಿಯಾಗಿತ್ತು. ಅಧಿಕಾರ ಕೈತಪ್ಪದಂತೆ ಷೇರುಗಳನ್ನು ಎರಡು ವರ್ಗಗಳಾಗಿ ವಿಂಗಡಿಸಲಾಗಿತ್ತು. ಸಾರ್ವಜನಿಕರ ಷೇರಿಗೆ ಒಂದು ಮತ, ಕುಟುಂಬದವರ ಷೇರಿಗೆ ಹತ್ತು ಮತಗಳು. ಹಣ ಹೊರಗಿನದು, ನಿರ್ಧಾರ ಮನೆಯದು ಎಂಬ ಈ ಏರ್ಪಾಡು ಸುಮಾರು 11 ವರ್ಷ ನಡೆಯಿತು. ಈ ಅವಧಿಯಲ್ಲಿ ಸಂಸ್ಥೆಯು ಇಟಲಿ, ಚಿಲಿ ಮುಂತಾದ ದೇಶಗಳಲ್ಲಿಯೂ ಜಂಟಿ ಉದ್ಯಮಗಳನ್ನು ಕೈಗೊಂಡಿತು. ಆದರೆ ಷೇರು ಪೇಟೆ ಪ್ರತಿ ಮೂರು ತಿಂಗಳಿಗೊಮ್ಮೆ ಲೆಕ್ಕ ಕೇಳುತ್ತದೆ. ಬಳ್ಳಿ ಫಸಲು ಕೊಡುವುದು ವರ್ಷಕ್ಕೊಮ್ಮೆ. ಈ ಎರಡು ಕಾಲಮಾನಗಳ ನಡುವಿನ ಘರ್ಷಣೆ ಕೊನೆಯವರೆಗೂ ನಿಲ್ಲಲಿಲ್ಲ.

2004ರಲ್ಲಿ ಕೈಬಿಟ್ಟ ಸಂಸ್ಥೆ

ರಾಬರ್ಟ್ ಅವರು ಉದಾರಿಗಳು. 2001ರಲ್ಲಿ ಡೇವಿಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯಕ್ಕೆ 35 ದಶಲಕ್ಷ ಡಾಲರ್ ದಾನ ಘೋಷಿಸಿದರು. ನಾಪಾದಲ್ಲಿ ವೈನ್ ಮತ್ತು ಆಹಾರ ಸಂಸ್ಕೃತಿಯ ಕೇಂದ್ರವೊಂದಕ್ಕೂ ದೊಡ್ಡ ಮೊತ್ತ ನೀಡಿದರು. ಆದರೆ ಅವರ ಸಂಪತ್ತು ಬಹುತೇಕ ಸಂಸ್ಥೆಯ ಷೇರುಗಳ ರೂಪದಲ್ಲಿತ್ತು. ಷೇರಿನ ಬೆಲೆ ಇಳಿದಾಗ ಕೊಟ್ಟ ಮಾತನ್ನು ಪೂರೈಸುವುದು ಕಠಿಣವಾಯಿತು. ಇತ್ತ ಮಕ್ಕಳಾದ ಮೈಕೇಲ್ ಮತ್ತು ಟಿಮೊಥಿ ಅವರ ನಡುವೆಯೂ ಸಂಸ್ಥೆಯ ದಿಕ್ಕಿನ ಬಗ್ಗೆ ಒಮ್ಮತವಿರಲಿಲ್ಲ. ಹಿಂದಿನ ತಲೆಮಾರಿನ ಬಿರುಕು ಮುಂದಿನದರಲ್ಲಿ ಮರುಕಳಿಸಿತು.

2004ರ ಆಗಸ್ಟ್‌ನಲ್ಲಿ ಹತ್ತು ಮತಗಳ ವಿಶೇಷ ಷೇರುಗಳನ್ನು ಸಾಮಾನ್ಯ ಷೇರುಗಳಾಗಿ ಪರಿವರ್ತಿಸಲು ಕುಟುಂಬ ಒಪ್ಪಿತು. ಇದರಿಂದ ಷೇರುಗಳನ್ನು ಮಾರುವುದು ಸುಲಭವಾಯಿತು. ಆದರೆ ಕುಟುಂಬದ ಮತಬಲ ಸುಮಾರು ಶೇ. 40ಕ್ಕೆ ಕುಸಿಯಿತು. ಮರು ತಿಂಗಳೇ ನಿರ್ದೇಶಕ ಮಂಡಳಿಯು ದುಬಾರಿ ದರ್ಜೆಯ ವೈನರಿಗಳನ್ನು ಮಾರಿ ಕಡಿಮೆ ಬೆಲೆಯ ವೈನುಗಳ ಮೇಲೆ ಗಮನ ಹರಿಸುವ ಯೋಜನೆಯನ್ನು ಪ್ರಕಟಿಸಿತು. ಯಾವುದಕ್ಕಾಗಿ ರಾಬರ್ಟ್ 1966ರಲ್ಲಿ ಮನೆ ಬಿಟ್ಟು ಬಂದಿದ್ದರೋ ಅದನ್ನೇ ಮಾರುವ ಪ್ರಸ್ತಾಪವಿದು. ಅದು ಜಾರಿಯಾಗುವ ಮೊದಲೇ ಕಾನ್‌ಸ್ಟೆಲೇಷನ್ ಬ್ರ್ಯಾಂಡ್ಸ್ ಎಂಬ ಬೃಹತ್ ಸಂಸ್ಥೆ ಇಡೀ ಕಂಪನಿಯನ್ನು ಕೊಳ್ಳಲು ಮುಂದೆ ಬಂದಿತು. ಷೇರೊಂದಕ್ಕೆ 56.50 ಡಾಲರ್‌ನಂತೆ, ಒಟ್ಟು ಸುಮಾರು 103 ಕೋಟಿ ಡಾಲರ್ ಹಾಗೂ ಸಂಸ್ಥೆಯ ಸಾಲದ ಹೊಣೆಯೊಂದಿಗೆ 2004ರ ಡಿಸೆಂಬರ್‌ನಲ್ಲಿ ಮಾರಾಟ ಮುಗಿಯಿತು.

ಹಣದ ದೃಷ್ಟಿಯಿಂದ ಇದನ್ನು ಸೋಲು ಎನ್ನಲಾಗದು. 13.50 ಡಾಲರಿಗೆ ಕೊಂಡ ಷೇರಿಗೆ 56.50 ಡಾಲರ್ ದೊರೆಯಿತು. ಆದರೆ ಮನೆತನದ ಹೆಸರೂ ಮಾರಾಟದಲ್ಲಿ ಸೇರಿತ್ತು. ಕಾನ್‌ಸ್ಟೆಲೇಷನ್ ಸಂಸ್ಥೆಯು 2025ರಲ್ಲಿ ವುಡ್‌ಬ್ರಿಡ್ಜ್ ಮತ್ತು ರಾಬರ್ಟ್ ಮೊಂಡಾವಿ ಪ್ರೈವೇಟ್ ಸೆಲೆಕ್ಷನ್ ಮುದ್ರೆಗಳನ್ನು ದಿ ವೈನ್ ಗ್ರೂಪ್ ಎಂಬ ಮತ್ತೊಂದು ಸಂಸ್ಥೆಗೆ ಮಾರಿ, ಓಕ್‌ವಿಲ್‌ನ ವೈನರಿಯನ್ನು ತನ್ನಲ್ಲಿ ಉಳಿಸಿಕೊಂಡಿತು. ಹೀಗೆ ಒಂದೇ ಮನೆತನದ ಹೆಸರು ಸಂಬಂಧವಿಲ್ಲದ ಎರಡು ಸಂಸ್ಥೆಗಳ ಸೊತ್ತಾಯಿತು. ರಾಬರ್ಟ್ ಅವರ ಮಕ್ಕಳು ಹೊಸ ಹೆಸರುಗಳಲ್ಲಿ ಬೇರೆ ಉದ್ಯಮಗಳನ್ನು ಮೊದಲಿನಿಂದ ಕಟ್ಟಬೇಕಾಯಿತು.

ತಮ್ಮನ ದಾರಿ

ಕ್ರುಗ್ ವೈನರಿಯನ್ನು ಉಳಿಸಿಕೊಂಡ ಪೀಟರ್ ಸಾರ್ವಜನಿಕ ಷೇರುಗಳ ಗೊಡವೆಗೆ ಹೋಗಲಿಲ್ಲ. ತೀರ್ಪಿನ ಹೊರೆಯಿಂದಾಗಿ ಹೊಸ ಬಂಡವಾಳ ತೊಡಗಿಸುವುದು ಬಹುಕಾಲ ಸಾಧ್ಯವಾಗಲಿಲ್ಲ. ಕಣಿವೆಯಲ್ಲಿ ಹೊಸ ಹೆಸರುಗಳು ಮೆರೆಯುತ್ತಿದ್ದಾಗ ಕ್ರುಗ್ ಹಿಂದುಳಿಯಿತು. ಕಡಿಮೆ ಬೆಲೆಯ ‘ಸಿಕೆ ಮೊಂಡಾವಿ’ ಮುದ್ರೆಯ ವೈನುಗಳ ಮಾರಾಟವೇ ಸಂಸ್ಥೆಗೆ ಆಧಾರವಾಯಿತು. ಮುಂದೆ ಮಕ್ಕಳಾದ ಮಾರ್ಕ್ ಮತ್ತು ಪೀಟರ್ ಜೂನಿಯರ್ ಅವರೊಂದಿಗೆ ತೋಟಗಳನ್ನು ಹಂತಹಂತವಾಗಿ ಮರುನಾಟಿ ಮಾಡಿ, ಹಳೆಯ ಕಟ್ಟಡಗಳನ್ನು ಜೀರ್ಣೋದ್ಧಾರ ಮಾಡಿದರು. 2016ರಲ್ಲಿ 101ನೆಯ ವಯಸ್ಸಿನಲ್ಲಿ ಪೀಟರ್ ತೀರಿಕೊಂಡಾಗ, ತಂದೆ 1943ರಲ್ಲಿ ಕೊಂಡ ವೈನರಿ ಕುಟುಂಬದ ಒಡೆತನದಲ್ಲಿಯೇ ಇತ್ತು.

ಇದರಿಂದ ಪೀಟರ್ ಜಾಣರು, ರಾಬರ್ಟ್ ಅವಿವೇಕಿ ಎಂದು ತೀರ್ಮಾನಿಸುವುದು ಸರಿಯಲ್ಲ. ರಾಬರ್ಟ್ ಅವರಂಥವರು ಇಲ್ಲದಿದ್ದರೆ ನಾಪಾ ಕಣಿವೆಗೆ ಇಂದಿನ ಹೆಸರೇ ಬರುತ್ತಿರಲಿಲ್ಲ, ಅದರ ಲಾಭ ಕ್ರುಗ್ ಸಂಸ್ಥೆಗೂ ಸಂದಿತು. ಅಣ್ಣ ಬೆಳವಣಿಗೆಗೆ ಒಡೆತನವನ್ನು ತೆತ್ತರು, ತಮ್ಮ ಒಡೆತನಕ್ಕೆ ಬೆಳವಣಿಗೆಯನ್ನು ತೆತ್ತರು. ತೆರುವ ಬೆಲೆ ಯಾವುದೆಂಬುದನ್ನು ಮೊದಲೇ ತಿಳಿದು ಆರಿಸಿಕೊಳ್ಳುವುದಷ್ಟೇ ಉದ್ಯಮಿಯ ಕೈಯಲ್ಲಿದೆ.

ನಮ್ಮ ಉದ್ಯಮಿಗಳು ಗಮನಿಸಬೇಕಾದ ಅಂಶಗಳು

1. ಕೆಲಸ ಹಂಚಿಕೊಂಡರೆ ಸಾಲದು, ಭಿನ್ನಾಭಿಪ್ರಾಯ ಬಂದಾಗ ಇತ್ಯರ್ಥ ಮಾಡುವ ಕ್ರಮವನ್ನೂ ಹಿರಿಯರಿರುವಾಗಲೇ ಲಿಖಿತವಾಗಿ ಗೊತ್ತುಮಾಡಬೇಕು.

2. ಮನೆಯ ಖರ್ಚು ಮತ್ತು ಸಂಸ್ಥೆಯ ಖರ್ಚುಗಳ ನಡುವೆ ಗೆರೆ ಸ್ಪಷ್ಟವಾಗಿರಬೇಕು. ಪ್ರತಿಯೊಬ್ಬರ ಸಂಬಳ, ಭತ್ಯ, ಪ್ರಯಾಣ ವೆಚ್ಚಗಳ ಮಿತಿ ಎಲ್ಲರಿಗೂ ತಿಳಿದಿರಬೇಕು.

3. ಪಾಲುದಾರರೊಬ್ಬರು ಹೊರಹೋಗುವಾಗ ಅವರ ಪಾಲಿನ ಮೌಲ್ಯವನ್ನು ನಿರ್ಧರಿಸುವ ಸೂತ್ರ ಮತ್ತು ಕಂತುಗಳ ಅವಧಿಯನ್ನು ಪಾಲುದಾರಿಕೆ ಪತ್ರದಲ್ಲಿಯೇ ನಮೂದಿಸಬೇಕು. ಮೊಂಡಾವಿ ಕುಟುಂಬದಲ್ಲಿ ಈ ಒಂದು ಅಂಶ ಇದ್ದಿದ್ದರೆ ತಾಯಿ ಮಕ್ಕಳು ನ್ಯಾಯಾಲಯದ ಮೆಟ್ಟಿಲೇರುವ ಪ್ರಸಂಗ ಬಹುಶಃ ತಪ್ಪುತ್ತಿತ್ತು.

4. ಸರಕು ಹಣವಾಗಲು ಹಿಡಿಯುವ ಕಾಲಕ್ಕೂ ತಂದ ಬಂಡವಾಳದ ಕಾಲಾವಧಿಗೂ ಹೊಂದಾಣಿಕೆ ಇರಬೇಕು. ಆರು ವರ್ಷಕ್ಕೆ ಮರಳುವ ಹಣಕ್ಕೆ ಆರು ತಿಂಗಳ ಸಾಲ ತಂದರೆ ಒಳ್ಳೆಯ ಉದ್ಯಮವೂ ಮುಗ್ಗರಿಸುತ್ತದೆ.

5. ವಿಶೇಷ ಮತಾಧಿಕಾರದ ಷೇರುಗಳಿಂದ ಹತೋಟಿಯನ್ನು ಉಳಿಸಿಕೊಳ್ಳಬಹುದು, ಆದರೆ ಕುಟುಂಬದಲ್ಲಿ ಒಮ್ಮತ ಇರುವವರೆಗೆ ಮಾತ್ರ. ನಮ್ಮ ದೇಶದ 2013ರ ಕಂಪನಿಗಳ ಕಾಯಿದೆಯ 43ನೆಯ ವಿಭಾಗವೂ ಭಿನ್ನ ಮತಾಧಿಕಾರದ ಷೇರುಗಳಿಗೆ ನಿಯಮಾನುಸಾರ ಅವಕಾಶ ನೀಡುತ್ತದೆ. ಇಂತಹ ಕ್ರಮ ಕೈಗೊಳ್ಳುವ ಮೊದಲು ಲೆಕ್ಕ ಪರಿಶೋಧಕರು ಹಾಗೂ ಕಂಪನಿ ಕಾರ್ಯದರ್ಶಿಗಳೊಂದಿಗೆ ಸಮಾಲೋಚಿಸುವುದು ಅಗತ್ಯ.

6. ದಾನ, ವಿವಾಹ, ನಿವೇಶನ ಮುಂತಾದ ವೈಯಕ್ತಿಕ ಹೊಣೆಗಳಿಗೆ ಉದ್ಯಮದ ಷೇರುಗಳನ್ನೇ ಆಧಾರವಾಗಿಟ್ಟುಕೊಳ್ಳಬಾರದು. ಷೇರಿನ ಬೆಲೆ ಇಳಿದ ದಿನ ಹೊಣೆ ಮಾತ್ರ ಇಳಿಯುವುದಿಲ್ಲ.

ಕೊನೆಯದಾಗಿ ಒಂದು ಸಂಗತಿ. 2005ರಲ್ಲಿ, ಜಗಳವಾಗಿ 40 ವರ್ಷಗಳ ನಂತರ, ರಾಬರ್ಟ್ ಮತ್ತು ಪೀಟರ್ ಇಬ್ಬರೂ ಕೂಡಿ ಎರಡು ಮನೆಗಳ ದ್ರಾಕ್ಷಿಯಿಂದ ಒಂದು ಪೀಪಾಯಿ ವೈನನ್ನು ತಯಾರಿಸಿದರು. ನಾಪಾ ಕಣಿವೆಯ ಧರ್ಮಾರ್ಥ ಹರಾಜಿನಲ್ಲಿ ಅದು 4,01,000 ಡಾಲರಿಗೆ ಮಾರಾಟವಾಯಿತು. ಅದಕ್ಕೆ ಅವರು ಇಟ್ಟ ಇಟಾಲಿಯನ್ ಹೆಸರಿನ ಅರ್ಥ ‘ಮತ್ತೊಮ್ಮೆ’ ಎಂದು. ಆಗ ಅಣ್ಣನಿಗೆ 91, ತಮ್ಮನಿಗೆ 90 ವರ್ಷ. ರಾಬರ್ಟ್ 2008ರಲ್ಲಿ ತೀರಿಕೊಂಡರು. ಇಬ್ಬರೂ ಕೂಡಿ ದುಡಿಯಬೇಕೆಂದು ತಂದೆ 1943ರಲ್ಲಿ ಹಾಕಿದ ಷರತ್ತು, ಅಷ್ಟು ವರ್ಷಗಳ ನಂತರ, ಒಂದು ಪೀಪಾಯಿಯ ಮಟ್ಟಿಗೆ ನೆರವೇರಿತು. ನಮ್ಮ ಸದಸ್ಯ ಬಾಂಧವರು ಅಷ್ಟು ಕಾಲ ಕಾಯದೆ, ಈ ವರ್ಷದ ಲೆಕ್ಕಪತ್ರ ಮುಗಿಸುವಾಗಲೇ ಅಣ್ಣತಮ್ಮಂದಿರೂ ಅಕ್ಕತಂಗಿಯರೂ ಒಟ್ಟಿಗೆ ಕುಳಿತು ಈ ಆರು ಅಂಶಗಳನ್ನು ಚರ್ಚಿಸಿ ಬರಹಕ್ಕೆ ಇಳಿಸುವುದು ಶ್ರೇಯಸ್ಕರ.